ಡಿಗ್ರಿ ಮುಗಿದ್ಮೇಲೂ ಜೊತೆಗೆ ಬರೋ ಸಹಾಯ ಯಾವುದು? ಆಟಿಸಂ ಇರೋ ಕಾಲೇಜ್ ವಿದ್ಯಾರ್ಥಿಗಳು, ಟೆಕ್ನಾಲಜಿ ಮತ್ತು ಕೆಲಸ

ಆಟಿಸಂ, ಅಂದ್ರೆ ಮಿದುಳಿನ ಬೆಳವಣಿಗೆಯೇ ಬೇರೆ ರೀತಿ ಇದ್ದು ಮಾತು, ಬೆರೆಯೋದು, ಸದ್ದು ಬೆಳಕಿನ ಅನುಭವ ಬೇರೆಯವರಿಗಿಂತ ಭಿನ್ನವಾಗಿರೋ ಸ್ಥಿತಿ, ಅಂದ ತಕ್ಷಣ ಹೆಚ್ಚಿನವರ ಕಣ್ಮುಂದೆ ಬರೋದು ಮೂರ್ನಾಲ್ಕು ವರ್ಷದ ಮಗು, ಕೈಲೊಂದು ಟ್ಯಾಬ್ಲೆಟ್, ಚಿತ್ರ ಒತ್ತಿದ್ರೆ ಮಾತಾಡೋ ಆ್ಯಪ್, ಪಕ್ಕದಲ್ಲಿ ಥೆರಪಿಸ್ಟ್. ಆ ಮಗು ದೊಡ್ಡದಾಗುತ್ತೆ, ಪರೀಕ್ಷೆ ಪಾಸ್ ಮಾಡುತ್ತೆ, ಕಾಲೇಜಿಗೂ ಸೇರುತ್ತೆ ಅನ್ನೋದು ಯಾಕೋ ತಲೆಗೇ ಹೊಳೆಯಲ್ಲ. ಆದ್ರೆ ಇದೇನು ಹೊಸ ವಿಷಯ ಅಲ್ಲ. 1943ರಲ್ಲಿ ಲಿಯೋ ಕ್ಯಾನರ್ ಅನ್ನೋ ಡಾಕ್ಟರ್ 11 ಮಕ್ಕಳ ಬಗ್ಗೆ ಬರೆದ ಪೇಪರ್‌ನಿಂದಲೇ ಆಟಿಸಂ ವೈದ್ಯಲೋಕದಲ್ಲಿ ಗುರುತಾಗಿದ್ದು, ಅದರಲ್ಲಿ ಮೊದಲನೇ ಕೇಸ್ ಆಗಿದ್ದ ಡೊನಾಲ್ಡ್ ಟ್ರಿಪ್ಲೆಟ್ ಅನ್ನೋ ಹುಡುಗ 1958ರಲ್ಲಿ ಅಮೆರಿಕದ ಮಿಸಿಸಿಪಿಯ ಮಿಲ್‌ಸ್ಯಾಪ್ಸ್ ಕಾಲೇಜಲ್ಲಿ ಡಿಗ್ರಿ ಮುಗಿಸಿ, ಊರಿನ ಬ್ಯಾಂಕಲ್ಲಿ ದಶಕಗಟ್ಟಲೆ ಕೆಲಸ ಮಾಡಿ, ಕಾರ್ ಓಡಿಸ್ಕೊಂಡು, ಗಾಲ್ಫ್ ಆಡ್ಕೊಂಡು, ದೇಶ ಸುತ್ಕೊಂಡು ಇದ್ದು 2023ರಲ್ಲಿ 89ನೇ ವಯಸ್ಸಲ್ಲಿ ತೀರ್ಕೊಂಡ್ರು.

ಈ ಕಥೆ ಹೇಳೋವಾಗ ಜನ ಸಾಮಾನ್ಯವಾಗಿ ಬಿಟ್ಬಿಡೋ ಒಂದು ವಿವರ ಇದೆ, ಆ ಬ್ಯಾಂಕ್ ಅವರ ತಾಯಿಯ ಮನೆಯವರದ್ದು. ಅಂದ್ರೆ ಅಪರಿಚಿತರ ಎದುರು ಇಂಟರ್ವ್ಯೂ ಕೊಟ್ಟು ಗೆದ್ದು ಒಳಗೆ ಬರಬೇಕಾದ ಪರಿಸ್ಥಿತಿ ಅವರಿಗೆ ಇರಲಿಲ್ಲ, ಊರಿನವರಿಗೆ ಅವರ ರೀತಿ ಮೊದಲೇ ಗೊತ್ತಿತ್ತು. ಉಳಿದವರಿಗೆ ಆ ಭಾಗ್ಯ ಇಲ್ವಲ್ಲ. ಬ್ರಿಟನ್‌ನಲ್ಲಿ 2024ರಲ್ಲಿ ಬಂದ ಬಕ್‌ಲ್ಯಾಂಡ್ ರಿವ್ಯೂ ಅನ್ನೋ ಸರ್ಕಾರಿ ವರದಿ ಪ್ರಕಾರ ದುಡಿಯೋ ವಯಸ್ಸಿನ ಆಟಿಸಂ ಇರೋ 10 ಜನರಲ್ಲಿ ಸುಮಾರು 3 ಜನಕ್ಕೆ ಮಾತ್ರ ಕೆಲಸ ಇದೆ. ಡಿಗ್ರಿ ಇದ್ದವರ ಕಥೆನೂ ಅಷ್ಟೇನೂ ಚೆನ್ನಾಗಿಲ್ಲ.

ಅದಕ್ಕೇ ಈ ಲೇಖನದಲ್ಲಿ ಟೆಕ್ನಾಲಜಿ ಬೇರೆ, ಕೆರಿಯರ್ ಬೇರೆ ಅಂತ ಎರಡು ಭಾಗ ಮಾಡ್ತಾ ಇಲ್ಲ. ನನ್ನ ಪ್ರಕಾರ ಯಾವುದೇ ಆ್ಯಪ್, ಯಾವುದೇ ಗ್ಯಾಜೆಟ್ ನೋಡಿದ್ರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ, ಇದು ಕಾಲೇಜ್ ಗೇಟ್ ದಾಟಿ ಆಫೀಸಿಗೂ ಬರುತ್ತಾ? ಬರಲ್ಲ ಅಂದ್ರೆ ಮೂರ್ನಾಲ್ಕು ವರ್ಷ ಅದರ ಮೇಲೆ ನಿಂತು ಆಮೇಲೆ ಒಂದೇ ಸಲಕ್ಕೆ ಕೆಳಗೆ ಬೀಳೋದು ಗ್ಯಾರಂಟಿ.

ಮೊದಲು ಕಾಲೇಜಲ್ಲಿ ಎಲ್ಲಿ ಎಡವ್ತಾರೆ ಅಂತ ನೋಡೋಣ. ಪಾಠ ಅರ್ಥ ಆಗಲ್ಲ ಅನ್ನೋದು ಎಷ್ಟೋ ಜನರಿಗೆ ಸಮಸ್ಯೆನೇ ಅಲ್ಲ, ಕೆಲವರಿಗೆ ತಮಗಿಷ್ಟದ ಸಬ್ಜೆಕ್ಟಲ್ಲಿ ಲೆಕ್ಚರರ್‌ಗಿಂತ ಜಾಸ್ತಿ ಗೊತ್ತಿರುತ್ತೆ. ಸಮಸ್ಯೆ ಏನಂದ್ರೆ ಸ್ಕೂಲಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ದಿನವನ್ನ ಬೇರೆಯವರು ಕಟ್ಟಿಕೊಡ್ತಿದ್ರು, ಬೆಲ್ ಹೊಡೀತಿತ್ತು, ಹೋಮ್‌ವರ್ಕ್ ಬೋರ್ಡ್ ಮೇಲೆ ಬರ್ತಿತ್ತು, ಮನೇಲಿ ಅಮ್ಮ ಬ್ಯಾಗ್ ಚೆಕ್ ಮಾಡ್ತಿದ್ರು. ಕಾಲೇಜಿಗೆ ಬಂದ ದಿನ ಆ ಚೌಕಟ್ಟು ಪೂರ್ತಿ ಮಾಯ ಆಗುತ್ತೆ. ಎರಡು ಕ್ಲಾಸಿನ ಮಧ್ಯೆ ಮೂರು ಗಂಟೆ ಖಾಲಿ, ಕ್ಲಾಸ್ ರೂಮ್ ಬದಲಾಗಿದೆ ಅಂತ ವಾಟ್ಸಾಪ್ ಗ್ರೂಪಲ್ಲಿ 200 ಮೆಸೇಜ್ ಮಧ್ಯೆ ಯಾರೋ ಹಾಕಿರ್ತಾರೆ, ಗ್ರೂಪ್ ಪ್ರಾಜೆಕ್ಟಲ್ಲಿ ಯಾರು ಏನು ಮಾಡಬೇಕು ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ, ಎಲ್ಲರಿಗೂ ಹೇಗೋ ಗೊತ್ತಾಗಿರುತ್ತೆ. ಶುರು ಮಾಡೋದು, ಪ್ಲಾನ್ ಮಾಡೋದು, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗೋದು, ಟೈಮ್ ಅಂದಾಜು ಮಾಡೋದು, ಇವೆಲ್ಲ ಸೇರಿ ಎಕ್ಸಿಕ್ಯುಟಿವ್ ಫಂಕ್ಷನ್ ಅಂತಾರೆ, ಬುದ್ಧಿವಂತಿಕೆ ಎಷ್ಟಿದ್ರೂ ಇದು ಕಷ್ಟ ಆಗಬಹುದು. ಇದರ ಮೇಲೆ ಟ್ಯೂಬ್‌ಲೈಟ್ ಮಿನುಗು, ಕುರ್ಚಿ ಎಳೆಯೋ ಸದ್ದು, ಕ್ಯಾಂಟೀನ್ ಗದ್ದಲ. ಬೇರೆಯವರ ಮಿದುಳು ಹಿಂದಕ್ಕೆ ತಳ್ಳೋ ಸದ್ದು ಇವರಿಗೆ ಮುಂದೇನೇ ನಿಂತಿರುತ್ತೆ, ಲೆಕ್ಚರ್ ಮುಗಿಯೋ ಹೊತ್ತಿಗೆ ಬ್ಯಾಟರಿ ಖಾಲಿ.

ಇನ್ನೊಂದು ದೊಡ್ಡ ಬದಲಾವಣೆ ಯಾರೂ ಮೊದಲೇ ಹೇಳಲ್ಲ. ಸ್ಕೂಲಲ್ಲಿ ಸಹಾಯ ಮಗುವನ್ನ ಹುಡುಕ್ಕೊಂಡು ಬರಬೇಕು, ಕಾಲೇಜಲ್ಲಿ ವಿದ್ಯಾರ್ಥಿನೇ ಸಹಾಯ ಹುಡುಕ್ಕೊಂಡು ಹೋಗಬೇಕು. ಅಮೆರಿಕದಲ್ಲಿ ಇದು ಕಾನೂನಿನಲ್ಲೇ ಕಾಣುತ್ತೆ, ಸ್ಕೂಲ್ ಮಟ್ಟದಲ್ಲಿ ವಿಶೇಷ ಶಿಕ್ಷಣದ ಕಾನೂನು ಶಾಲೆ ಮೇಲೆ ಜವಾಬ್ದಾರಿ ಹಾಕುತ್ತೆ, ಕಾಲೇಜಿಗೆ ಬಂದ್ಮೇಲೆ ಅನ್ವಯ ಆಗೋದು 1973ರ ಮತ್ತು 1990ರ ತಾರತಮ್ಯ ವಿರೋಧಿ ಕಾನೂನುಗಳು, ಅಲ್ಲಿ ತಾನೇ ಹೋಗಿ ಕೇಳಿದ್ರೆ ಮಾತ್ರ. ಕೇಳೋದೇ ಕಷ್ಟ ಇರೋರಿಗೆ ಕೇಳಿದ್ರೆ ಕೊಡ್ತೀವಿ ಅನ್ನೋ ವ್ಯವಸ್ಥೆ, ಇದಕ್ಕೇನು ಹೇಳೋದೋ!

ಸರಿ, ಟೂಲ್‌ಗಳಿಗೆ ಬರೋಣ. ಆಟಿಸಂಗೆ ಬೆಸ್ಟ್ ಆ್ಯಪ್ ಯಾವುದು ಅಂತ ಕೇಳೋರು ತುಂಬಾ, ಅದಕ್ಕೆ ಉತ್ತರವೇ ಇಲ್ಲ, ಯಾಕಂದ್ರೆ ಒಬ್ಬರಿಗೆ ಸದ್ದು ಸಮಸ್ಯೆ, ಇನ್ನೊಬ್ಬರಿಗೆ ಸದ್ದೇ ಬೇಕು, ಒಬ್ಬರು ನಿರರ್ಗಳ ಬರೀತಾರೆ ಮಾತು ಬರಲ್ಲ, ಇನ್ನೊಬ್ಬರು ಗಂಟೆಗಟ್ಟಲೆ ಮಾತಾಡ್ತಾರೆ ಪೆನ್ ಹಿಡಿದ್ರೆ ಒಂದು ಸಾಲು ಹೊರಡಲ್ಲ. 'ಸ್ವಲ್ಪ ಆಟಿಸಂ, ಜಾಸ್ತಿ ಆಟಿಸಂ' ಅಂತ ಒಂದೇ ಗೆರೆ ಮೇಲೆ ಅಳೆಯೋಕೆ ಹೋದ್ರೆ ಏನೂ ಸಿಗಲ್ಲ. ಎಡವೋ ಜಾಗ ಯಾವುದು ಅಂತ ಮೊದಲು ಗುರುತಿಸಬೇಕು, ಆ ಜಾಗಕ್ಕೆ ಟೂಲ್ ಹುಡುಕಬೇಕು.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಅಸೈನ್‌ಮೆಂಟ್ ಹೀಗೆ ಬರುತ್ತೆ: 'ನಗರೀಕರಣದ ಪರಿಣಾಮಗಳನ್ನು ಸೂಕ್ತ ಮೂಲಗಳೊಂದಿಗೆ ವಿಮರ್ಶಾತ್ಮಕವಾಗಿ ಚರ್ಚಿಸಿ, 2000 ಪದ, ಮುಂದಿನ ತಿಂಗಳ 15ರೊಳಗೆ'. ಬೇರೆಯವರು ಇದನ್ನ ಓದಿ ಸರಿ ಬರೆದ್ರಾಯ್ತು ಅಂತ ಮುಂದಕ್ಕೆ ಹೋಗ್ತಾರೆ. ಆಟಿಸಂ ಇರೋ ವಿದ್ಯಾರ್ಥಿಗೆ ಇಲ್ಲಿ ನಾಲ್ಕು ಗೋಡೆ ಕಾಣಬಹುದು. ಸೂಕ್ತ ಅಂದ್ರೆ ಎಷ್ಟು ಮೂಲ, ಮೂರಾ ಮೂವತ್ತಾ? ವಿಮರ್ಶಾತ್ಮಕ ಅಂದ್ರೆ ತಪ್ಪು ಹುಡುಕೋದಾ? ಪರಿಣಾಮ ಅಂದ್ರೆ ಎಲ್ಲಾ ಪರಿಣಾಮನಾ? ಇವತ್ತು ಏನು ಮಾಡಬೇಕು? ಉತ್ತರ ಸಿಗದೇ ಇದ್ರೆ ಶುರುನೇ ಆಗಲ್ಲ, 14ನೇ ತಾರೀಖು ರಾತ್ರಿವರೆಗೂ ಶುರುವಾಗಲ್ಲ, ಹೊರಗಿಂದ ನೋಡಿದವರು ಸೋಮಾರಿ ಅಂತಾರೆ.

ಇಲ್ಲಿ ಕೆಲಸಕ್ಕೆ ಬರೋದು ಕೆಲಸವನ್ನ ಒಡೆಯೋ ಟೂಲ್‌ಗಳು. ಗಾಬ್ಲಿನ್ ಟೂಲ್ಸ್ ಅಂತ ಒಂದಿದೆ, ಅದರಲ್ಲಿ ಒಂದು ಸಾಲು ಟೈಪ್ ಮಾಡಿದ್ರೆ ಎಐ ಅದನ್ನ ಚಿಕ್ಕ ಚಿಕ್ಕ ಹೆಜ್ಜೆ ಮಾಡಿ ಕೊಡುತ್ತೆ, ಎಷ್ಟು ಸಣ್ಣದಾಗಿ ಒಡೆಯಬೇಕು ಅನ್ನೋದನ್ನ ಮೆಣಸಿನಕಾಯಿ ಗುರುತು ಜಾಸ್ತಿ ಕಮ್ಮಿ ಮಾಡಿ ಹೇಳಬಹುದು, ಖಾರ ಜಾಸ್ತಿ ಆದಷ್ಟೂ ಹೆಜ್ಜೆ ಸಣ್ಣ. ಆಗ ಮೊದಲನೇ ಹೆಜ್ಜೆ 'ರಿಪೋರ್ಟ್ ಬರಿ' ಅಂತ ಇರಲ್ಲ, 'ಖಾಲಿ ಫೈಲ್ ತೆರೆದು ಪ್ರಶ್ನೆಯನ್ನ ಅದಕ್ಕೆ ಕಾಪಿ ಮಾಡು' ಅಂತ ಇರುತ್ತೆ, ಅದನ್ನ ಯಾರು ಬೇಕಾದ್ರೂ ಮಾಡಬಹುದು. ಎರಡನೇದು 'ಎಷ್ಟು ಮೂಲ ಬೇಕು ಅಂತ ಲೆಕ್ಚರರ್‌ಗೆ ಮೇಲ್ ಮಾಡು'. ಇದೇ ರೀತಿ ಒಡೆಯೋದನ್ನ ಪೇಪರ್ ಮೇಲೂ ಮಾಡಬಹುದು, ಎಐ ಇಲ್ಲದೇ ಇದ್ರೆ ಲೋಕ ಮುಳುಗಲ್ಲ, ಆದ್ರೆ ರಾತ್ರಿ ಹನ್ನೊಂದಕ್ಕೆ ಪಕ್ಕದಲ್ಲಿ ಕೂತು ಒಡೆದುಕೊಡೋಕೆ ಜನ ಸಿಗಲ್ಲ ನೋಡಿ. ಎಐ ಕೊಟ್ಟ ಹೆಜ್ಜೆಗಳು ಕೆಲವೊಮ್ಮೆ ತಲೆಬುಡ ಇಲ್ಲದ ಹಾಗಿರ್ತವೆ, ಒಂದ್ಸಲ ಓದಿ ತಿದ್ದಿಕೊಳ್ಳಲೇಬೇಕು. ರಿಪೋರ್ಟನ್ನೇ ಎಐ ಹತ್ರ ಬರೆಸೋದು ಬೇರೆ ವಿಷಯ, ಅದು ಕಾಪಿ, ಸಹಾಯ ಅಲ್ಲ.

ಟೈಮ್ ವಿಷಯಕ್ಕೆ ದುಬಾರಿ ಟೂಲ್ ಯಾವುದೂ ಬೇಕಾಗಿಲ್ಲ. ಫೋನ್ ಕ್ಯಾಲೆಂಡರಲ್ಲಿ ಕ್ಲಾಸ್ 11ಕ್ಕೆ ಅಂತ ಮಾತ್ರ ಹಾಕಿದ್ರೆ ಸಾಲಲ್ಲ, 10:40ಕ್ಕೆ 'ಮಾಡ್ತಿರೋದನ್ನ ಸೇವ್ ಮಾಡು', 10:45ಕ್ಕೆ 'ಹೊರಡು' ಅಂತ ಎರಡು ಅಲಾರ್ಮ್ ಬೇಕು, ಯಾಕಂದ್ರೆ ಮುಳುಗಿರೋ ಕೆಲಸದಿಂದ ಏಳೋದೇ ಕಷ್ಟದ ಭಾಗ. ಅಲಾರ್ಮ್ ಸದ್ದೇ ಹಿಂಸೆ ಆಗೋರಿಗೆ ಕೈಗಡಿಯಾರದಲ್ಲಿ ವೈಬ್ರೇಟ್ ಆಗೋದು ಒಳ್ಳೇದು, ಪಕ್ಕದವರಿಗೂ ಗೊತ್ತಾಗಲ್ಲ. ಉಳಿದಿರೋ ಟೈಮನ್ನ ಬಣ್ಣದ ಪಟ್ಟಿಯಾಗಿ ಕಮ್ಮಿ ಆಗ್ತಾ ತೋರಿಸೋ ಟೈಮರ್‌ಗಳೂ ಇವೆ, ಅಂಕಿ ನೋಡಿದ್ರೆ ಸಮಯದ ಅಂದಾಜು ಸಿಗದೇ ಇರೋರಿಗೆ ಅದು ಸಿಗುತ್ತೆ. ಇವೆಲ್ಲ ಆಫೀಸಿಗೂ ಹಾಗೇ ಬರ್ತವೆ, ನನ್ನ ಪ್ರಶ್ನೆಗೆ ಪೂರ್ತಿ ಪಾಸ್.

ನೋಟ್ಸ್ ತಗೊಳ್ಳೋದು ಪಾಸ್ ಆಗಲ್ಲ, ಅದಕ್ಕೇ ಹುಷಾರು ಬೇಕು. ಕೇಳಿಸ್ಕೊಳ್ಳೋದು, ಅರ್ಥ ಮಾಡ್ಕೊಳ್ಳೋದು, ಬರಿಯೋದು, ಮೂರೂ ಒಟ್ಟಿಗೆ ಮಾಡೋಕೆ ಆಗದವರಿಗೆ ಲೆಕ್ಚರ್ ರೆಕಾರ್ಡಿಂಗ್, ಲೈವ್ ಕ್ಯಾಪ್ಷನ್, ಸ್ಮಾರ್ಟ್‌ಪೆನ್ ಇವೆಲ್ಲ ಕಾಲೇಜಲ್ಲಿ ದೊಡ್ಡ ಆಸರೆ. ಲೈವ್‌ಸ್ಕ್ರೈಬ್ ತರದ ಸ್ಮಾರ್ಟ್‌ಪೆನ್ ಹೇಗೆ ಅಂದ್ರೆ, ವಿಶೇಷ ಚುಕ್ಕಿಗಳಿರೋ ಕಾಗದದ ಮೇಲೆ ಬರೀತಾ ಇದ್ದ ಹಾಗೇ ಧ್ವನಿನೂ ರೆಕಾರ್ಡ್ ಆಗುತ್ತೆ, ಆಮೇಲೆ ಬರೆದ ಒಂದು ಪದದ ಮೇಲೆ ಪೆನ್ ಮುಟ್ಟಿಸಿದ್ರೆ ಅದನ್ನ ಬರೆದ ಕ್ಷಣದಲ್ಲಿ ಲೆಕ್ಚರರ್ ಏನು ಹೇಳ್ತಿದ್ರೋ ಅದು ಕೇಳಿಸುತ್ತೆ, ಹಾಗಾಗಿ ಕ್ಲಾಸಲ್ಲಿ ಬರೀ ಒಂದೊಂದು ಪದ ಗೀಚಿದ್ರೂ ಸಾಕು. ಚೆನ್ನಾಗಿದೆ. ಆದ್ರೆ ಕೆಲಸಕ್ಕೆ ಸೇರಿದ್ಮೇಲೆ ಮೀಟಿಂಗ್ ರೆಕಾರ್ಡ್ ಮಾಡೋಕೆ ಎಷ್ಟೋ ಕಂಪನಿಗಳು ಬಿಡಲ್ಲ, ಕ್ಲೈಂಟ್ ಮಾಹಿತಿ ಇರುತ್ತೆ. ಆಫೀಸಿನ ಕಡತವನ್ನ ಹೊರಗಿನ ಎಐ ಟೂಲಿಗೆ ಹಾಕೋದಂತೂ ಕೆಲಸ ಹೋಗೋ ಮಟ್ಟದ ತಪ್ಪಾಗಬಹುದು. ಅದಕ್ಕೇ ಕೊನೇ ವರ್ಷದಲ್ಲಿ ಬದಲಿ ದಾರಿ ಅಭ್ಯಾಸ ಮಾಡಬೇಕು, ಮೀಟಿಂಗಿಗೆ ಮುಂಚೆ ಅಜೆಂಡಾ ಕೇಳಿ ಪಡೆಯೋದು, ಮುಗಿದ್ಮೇಲೆ 'ನನಗೆ ಅರ್ಥ ಆಗಿದ್ದು ಹೀಗೆ, ನನ್ನ ಪಾಲಿನ ಕೆಲಸ ಈ ಮೂರು, ತಪ್ಪಿದ್ರೆ ಹೇಳಿ' ಅಂತ ಮೇಲ್ ಹಾಕೋದು. ಈ ಮೇಲ್ ಅಭ್ಯಾಸ ಯಾವ ಗ್ಯಾಜೆಟ್‌ಗಿಂತ ಜಾಸ್ತಿ ಬೆಲೆಬಾಳುತ್ತೆ ಅಂತ ನನ್ನ ಲೆಕ್ಕ, ಗ್ರೂಪ್ ಪ್ರಾಜೆಕ್ಟಲ್ಲೇ ಶುರು ಮಾಡಬಹುದು.

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಗ್ಗೆ ಒಂದು ಮಾತು, ಯಾಕಂದ್ರೆ ಕೊಂಡು ಬೇಜಾರಾಗೋರು ಜಾಸ್ತಿ. ಅದು ಹೊರಗಿನ ಸದ್ದನ್ನ ಮೈಕಲ್ಲಿ ಹಿಡಿದು ಅದಕ್ಕೆ ಸರಿಯಾಗಿ ಉಲ್ಟಾ ಇರೋ ಅಲೆ ಹುಟ್ಟಿಸಿ ಎರಡನ್ನೂ ಹೊಡೆದಾಡಿಸುತ್ತೆ. ಫ್ಯಾನ್, ಎಸಿ, ಬಸ್ ಇಂಜಿನ್ ತರದ ಒಂದೇ ಸಮನೆ ಬರೋ ತಗ್ಗು ಸದ್ದಿಗೆ ಇದು ಅದ್ಭುತ, ತಟ್ಟೆ ಬೀಳೋದು, ಬಾಗಿಲು ಬಡಿಯೋದು, ಮಕ್ಕಳ ಕಿರುಚಾಟ ತರದ ದಿಢೀರ್ ಸದ್ದಿಗೆ ಅಷ್ಟಾಗಿ ಅಲ್ಲ. ಅಂಥ ಸದ್ದು ಸಮಸ್ಯೆ ಆದವರಿಗೆ ಕಿವಿ ಪೂರ್ತಿ ಮುಚ್ಚೋ ಇಯರ್‌ಮಫ್ ಇಲ್ಲಾ ಇಯರ್‌ಪ್ಲಗ್ ಒಳ್ಳೇದು, ಎಷ್ಟೋ ಸಲ ಕೂರೋ ಜಾಗ ಬದಲಾಯಿಸಿದ್ರೇ ಮುಗಿದೋಗುತ್ತೆ.

ಮಾತಿನ ವಿಷಯಕ್ಕೆ ಬಂದ್ರೆ, ಟೈಪ್ ಮಾಡಿ ಮಾತಾಡಿಸೋ ಆ್ಯಪ್‌ಗಳು ಮಾತೇ ಬರದವರಿಗೆ ಮಾತ್ರ ಅನ್ನೋ ಕಲ್ಪನೆ ಇದೆ. ದಿನವೆಲ್ಲ ಚೆನ್ನಾಗಿ ಮಾತಾಡೋ ವಿದ್ಯಾರ್ಥಿಗೂ ಒತ್ತಡ ಮಿತಿ ಮೀರಿದಾಗ, ಗದ್ದಲದಲ್ಲಿ ಸುಸ್ತಾದಾಗ ಮಾತು ಕಟ್ಟಿಹೋಗಬಹುದು, ನಾಟಕ ಅಲ್ಲ ಅದು. ಆಗ ಫೋನಲ್ಲಿ ಮೊದಲೇ ಬರೆದಿಟ್ಟ ಎರಡು ಸಾಲು, 'ಈಗ ಮಾತಾಡೋಕೆ ಆಗ್ತಿಲ್ಲ, ಬರೆದು ಹೇಳ್ತೀನಿ, ಹತ್ತು ನಿಮಿಷ ಹೊರಗೆ ಹೋಗಿ ಬರ್ತೀನಿ', ಇದೇ ದೊಡ್ಡ ಸಹಾಯಕ ತಂತ್ರಜ್ಞಾನ. ಆದ್ರೆ ಇದರ ಪಕ್ಕದಲ್ಲೇ ಒಂದು ಮೋಸದ ದಾರಿ ಇದೆ, ಫೆಸಿಲಿಟೇಟೆಡ್ ಕಮ್ಯುನಿಕೇಷನ್ ಅಂತ, ಸಹಾಯಕರು ಕೈ ಇಲ್ಲಾ ತೋಳು ಹಿಡ್ಕೊಂಡು ಅಕ್ಷರ ಒತ್ತಿಸ್ತಾರೆ. ಪರೀಕ್ಷೆ ಮಾಡಿ ನೋಡಿದಾಗ ಬರ್ತಿದ್ದ ಮಾತು ಸಹಾಯಕರದ್ದೇ ಅಂತ ಮತ್ತೆ ಮತ್ತೆ ಗೊತ್ತಾಗಿದೆ, ಅಮೆರಿಕದ ಸ್ಪೀಚ್ ಲ್ಯಾಂಗ್ವೇಜ್ ತಜ್ಞರ ಸಂಘ 2018ರಲ್ಲೂ ಇದನ್ನ ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ವಿದ್ಯಾರ್ಥಿ ತಾನೇ ಸ್ವತಂತ್ರವಾಗಿ ಒತ್ತಬೇಕು, ಅದೇ ವ್ಯತ್ಯಾಸ.

ಇನ್ನು ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲದ ಟೂಲ್‌ಗಳು. ಕಣ್ಣಲ್ಲಿ ಕಣ್ಣಿಟ್ಟು ನೋಡೋದನ್ನ ಟ್ರೈನ್ ಮಾಡೋ ಆ್ಯಪ್, ಎದುರಿನವರ ಮುಖ ನೋಡಿ 'ಇವರಿಗೆ ಬೇಜಾರಾಗಿದೆ' ಅಂತ ಹೇಳೋ ಕನ್ನಡಕ, ಈ ತರದ್ದೆಲ್ಲ. ಇವುಗಳ ಹಿಂದಿನ ಲೆಕ್ಕಾಚಾರ ಏನಂದ್ರೆ ತಪ್ಪು ಪೂರ್ತಿ ಒಂದೇ ಕಡೆ ಇದೆ ಅನ್ನೋದು. 2012ರಲ್ಲಿ ಡೇಮಿಯನ್ ಮಿಲ್ಟನ್ ಅನ್ನೋ ಸಂಶೋಧಕರು, ಸ್ವತಃ ಆಟಿಸಂ ಇರೋರು, ಇದನ್ನ ತಿರುಗಿಸಿ ಕೇಳಿದ್ರು, ಆಟಿಸಂ ಇರೋರಿಗೆ ಇಲ್ಲದವರು ಅರ್ಥ ಆಗಲ್ಲ ನಿಜ, ಇಲ್ಲದವರಿಗೆ ಇರೋರು ಅರ್ಥ ಆಗ್ತಾರಾ? ಆಮೇಲೆ 2020ರಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ರು, ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸೋ ಸರಪಳಿ, ಪೂರ್ತಿ ಆಟಿಸಂ ಇರೋರ ಸರಪಳಿಲಿ ಮಾಹಿತಿ ಆಟಿಸಂ ಇಲ್ಲದವರ ಸರಪಳಿಯಷ್ಟೇ ಚೆನ್ನಾಗಿ ದಾಟಿತು, ಇಬ್ಬರೂ ಬೆರೆತ ಸರಪಳಿಲಿ ಮಾತ್ರ ಜಾಸ್ತಿ ಸೋರಿಹೋಯ್ತು.

ಇಂಟರ್ವ್ಯೂಗೆ ಇದಕ್ಕಿಂತಲೂ ನೇರವಾಗಿ ಸಂಬಂಧಪಟ್ಟಿದ್ದು ನೋವಾ ಸ್ಯಾಸನ್ ತಂಡದ 2017ರ ಸ್ಟಡಿ. ಆಟಿಸಂ ಇರೋರು ಮಾತಾಡಿದ ಕೆಲವೇ ಸೆಕೆಂಡಿನ ವಿಡಿಯೋ ನೋಡಿದ ಜನ ಇವರ ಜೊತೆ ಕೂತು ಮಾತಾಡೋಕೆ ಇಷ್ಟ ಇಲ್ಲ ಅನ್ನೋ ಕಡೆ ವಾಲಿದ್ರು. ಅದೇ ಮಾತುಗಳನ್ನ ಬರೀ ಅಕ್ಷರದಲ್ಲಿ ಓದಿಸಿದಾಗ ಆ ತಾತ್ಸಾರ ಮಾಯ! ಅಂದ್ರೆ ಹೇಳಿದ ವಿಷಯದಲ್ಲಿ ಏನೂ ಕೊರತೆ ಇರಲಿಲ್ಲ, ಹೇಳೋ ರೀತಿ, ದನಿ, ಮುಖಭಾವ ನೋಡಿ ತೀರ್ಪು ಬಂದುಬಿಟ್ಟಿತ್ತು. ಇಂಟರ್ವ್ಯೂ ಅಂದ್ರೆ ಏನು, ಅಪರಿಚಿತರ ಎದುರು ಕೂತು ಮೊದಲ ನಿಮಿಷದಲ್ಲೇ ಒಳ್ಳೆ ಅಭಿಪ್ರಾಯ ಹುಟ್ಟಿಸೋ ಪರೀಕ್ಷೆ, ಅದೂ ಕೆಲಸದಲ್ಲಿ ಮುಂದೆ ಯಾವತ್ತೂ ಬೇಕಾಗದೇ ಇರಬಹುದಾದ ಕೌಶಲದ್ದು.

ಬ್ರಿಟನ್ನಿನ ಬಾತ್ ಯೂನಿವರ್ಸಿಟಿಯ ಕೇಟೀ ಮಾರಸ್ ಮತ್ತಿತರರು ಇಂಟರ್ವ್ಯೂ ಪ್ರಶ್ನೆಗಳನ್ನೇ ಬದಲಾಯಿಸಿ ನೋಡಿದ್ರು, ಆಟಿಸಂ ಇರೋರ ಉತ್ತರ ಸುಧಾರಿಸಿತು, ಆಟಿಸಂ ಇಲ್ಲದವರದ್ದೂ ಸುಧಾರಿಸಿತು. ಹೇಗೆ ಬದಲಾಯಿಸೋದು ಅಂದ್ರೆ, ಉದಾಹರಣೆಗೆ ನಾನೇ ಒಂದು ಬರೀತೀನಿ. 'ಟೀಮಲ್ಲಿ ಕೆಲಸ ಮಾಡಿದ ಅನುಭವ ಹೇಗಿತ್ತು?' ಅಂತ ಕೇಳಿದ್ರೆ, ಯಾವ ಟೀಮು, ಯಾವ ವರ್ಷ, ಅನುಭವ ಅಂದ್ರೆ ಭಾವನೆನಾ ಘಟನೆನಾ, ಎಷ್ಟುದ್ದ ಹೇಳಬೇಕು ಅನ್ನೋ ಹುಡುಕಾಟದಲ್ಲೇ ಒಂದು ನಿಮಿಷ ಮೌನ, ಆಮೇಲೆ 'ಚೆನ್ನಾಗಿತ್ತು' ಅನ್ನೋ ಒಂದೇ ಪದ ಬರುತ್ತೆ, ಕೇಳಿದವರು ಇವರಿಗೆ ಆಸಕ್ತಿ ಇಲ್ಲ ಅಂತ ಬರ್ಕೊಳ್ತಾರೆ. ಅದನ್ನೇ 'ಕಾಲೇಜಲ್ಲಿ ಮೂರ್ನಾಲ್ಕು ಜನ ಸೇರಿ ಮಾಡಿದ ಒಂದು ಪ್ರಾಜೆಕ್ಟ್ ಹೇಳಿ, ಅದರಲ್ಲಿ ನಿಮ್ಮ ಪಾಲಿನ ಕೆಲಸ ಏನಿತ್ತು, ಒಂದು ತೊಂದರೆ ಏನು ಬಂತು, ಅದಕ್ಕೆ ನೀವೇನು ಮಾಡಿದ್ರಿ, ಎರಡು ನಿಮಿಷ ಸಾಕು' ಅಂತ ಕೇಳಿ, ಪ್ರಶ್ನೆಯನ್ನ ಬರೆದೂ ಕೊಡಿ, ಇಲ್ಲಾ ಹಿಂದಿನ ದಿನವೇ ಕಳಿಸಿ. ಉತ್ತರ ಬೇರೇನೇ ಬರುತ್ತೆ. ಹೀಗೆ ಕೇಳಿದ್ರೆ ಸುಲಭ ಮಾಡಿದ ಹಾಗಾಗಲ್ವಾ ಅನ್ನೋರಿಗೆ ಒಂದು ಮಾತು, ಪ್ರಶ್ನೆ ಅರ್ಥ ಮಾಡ್ಕೊಳ್ಳೋ ಒಗಟು ಕೆಲಸದ ಭಾಗ ಆಗಿದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಯಾಕೆ?

ಎಲ್ಲಾ ಕಂಪನಿಗಳೂ ಬದಲಾಗೋವರೆಗೆ ಕಾಯೋಕಾಗಲ್ಲ, ಹಾಗಾಗಿ ಅಭ್ಯಾಸನೂ ಬೇಕು. ಕಂಪ್ಯೂಟರಲ್ಲಿ ವರ್ಚುವಲ್ ಇಂಟರ್ವ್ಯೂ ಮಾಡೋ ಪ್ರೋಗ್ರಾಂಗಳಿವೆ, ಪರದೆ ಮೇಲಿನ ಅಧಿಕಾರಿ ಪ್ರಶ್ನೆ ಕೇಳ್ತಾರೆ, ಉತ್ತರ ಆರಿಸಿ ಹೇಳಬೇಕು, ಹೇಳಿದ್ದು ಹೇಗಿತ್ತು ಅಂತ ತಕ್ಷಣ ಗೊತ್ತಾಗುತ್ತೆ, ಎಷ್ಟು ಸಲ ಬೇಕಾದ್ರೂ ಮತ್ತೆ ಮಾಡಬಹುದು, ಅದಕ್ಕೆ ಬೇಜಾರಾಗಲ್ಲ. ಮ್ಯಾಥ್ಯೂ ಸ್ಮಿತ್ ತಂಡದ ಚಿಕ್ಕ ಸ್ಟಡಿಗಳಲ್ಲಿ ಹೀಗೆ ಅಭ್ಯಾಸ ಮಾಡಿದ ಆಟಿಸಂ ಇರೋ ಯುವಕರಿಗೆ ಆರು ತಿಂಗಳ ನಂತರ ಕೆಲಸ ಸಿಕ್ಕ ಸಾಧ್ಯತೆ ಜಾಸ್ತಿ ಕಂಡಿತ್ತು. ಮತ್ತೆ ಮತ್ತೆ ಅದೇ ಸನ್ನಿವೇಶ ಸಿಗೋದು ಇದರ ನಿಜವಾದ ಬಲ ಅನ್ಸುತ್ತೆ ನನಗೆ, ಗ್ರಾಫಿಕ್ಸ್ ಅಲ್ಲ.

ಆದ್ರೆ ಇಂಟರ್ವ್ಯೂ ಅಭ್ಯಾಸಕ್ಕಿಂತ ದೊಡ್ಡ ಕೆಲಸ ಮಾಡೋದು ನಿಜವಾದ ಕೆಲಸದ ಜಾಗದಲ್ಲಿ ಕಳೆದ ಸಮಯ. ಪ್ರಾಜೆಕ್ಟ್ ಸರ್ಚ್ ಅಂತ 1996ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಲಿ ಶುರುವಾದ ಕಾರ್ಯಕ್ರಮ ಇದೆ, ಅಂಗವೈಕಲ್ಯ ಇರೋ ವಿದ್ಯಾರ್ಥಿಗಳು ಸ್ಕೂಲಿನ ಕೊನೇ ವರ್ಷವನ್ನ ಆಸ್ಪತ್ರೆ ತರದ ದೊಡ್ಡ ಸಂಸ್ಥೆಯ ಒಳಗೇ ಕಳೀತಾರೆ, ಒಂದಾದ ಮೇಲೊಂದು ವಿಭಾಗದಲ್ಲಿ ಇಂಟರ್ನ್‌ಶಿಪ್, ಜೊತೆಗೆ ಕೋಚ್. ವರ್ಜೀನಿಯಾದ ಪಾಲ್ ವೆಮನ್ ತಂಡ ಇದಕ್ಕೆ ಆಟಿಸಂಗೆ ಬೇಕಾದ ಬೆಂಬಲ ಸೇರಿಸಿ ಪ್ರಯೋಗ ಮಾಡಿದಾಗ, ಕಾರ್ಯಕ್ರಮದಲ್ಲಿದ್ದ 24 ಜನರಲ್ಲಿ 21 ಜನಕ್ಕೆ ಕೆಲಸ ಸಿಕ್ತು, ಹೊರಗಿದ್ದ 16 ಜನರಲ್ಲಿ ಒಬ್ಬರಿಗೆ. ಇವರು ಹೈಸ್ಕೂಲ್ ಮುಗಿಸೋ ಹಂತದವರು, ಡಿಗ್ರಿ ವಿದ್ಯಾರ್ಥಿಗಳಲ್ಲ, ಸಂಖ್ಯೆನೂ ಚಿಕ್ಕದು, ಆದ್ರೂ ಈ ಅಂತರ ನೋಡಿ ಸುಮ್ನಿರೋಕಾಗಲ್ಲ. ಕಾಲೇಜಿಗೆ ಇದರಿಂದ ಕಲಿಯೋದು ಇಷ್ಟೇ, ಪ್ಲೇಸ್‌ಮೆಂಟ್ ಸೆಲ್ ಬಾಗಿಲು ಕೊನೇ ಸೆಮಿಸ್ಟರಲ್ಲಿ ತಟ್ಟಬೇಡಿ, ಮೊದಲ ವರ್ಷದಿಂದಲೇ ಲೈಬ್ರರಿಯಲ್ಲೋ ಲ್ಯಾಬಲ್ಲೋ ವಾರಕ್ಕೆ ನಾಲ್ಕು ಗಂಟೆ ಆದ್ರೂ ಒಂದು ಕೆಲಸ ಶುರು ಮಾಡ್ಸಿ. ಅಲ್ಲೇ ಗೊತ್ತಾಗುತ್ತೆ ಯಾವ ಸದ್ದು ಆಗಲ್ಲ, ಯಾವ ಟೂಲ್ ಕೆಲಸ ಮಾಡುತ್ತೆ, ಎಷ್ಟು ಹೊತ್ತಿಗೆ ಸುಸ್ತಾಗುತ್ತೆ ಅಂತ, ಕೌನ್ಸೆಲಿಂಗ್ ರೂಮಲ್ಲಿ ಇದ್ಯಾವುದೂ ಗೊತ್ತಾಗಲ್ಲ. ಅಮೆರಿಕದ ಮಾರ್ಷಲ್ ಯೂನಿವರ್ಸಿಟಿ 2002ರಿಂದ ಆಟಿಸಂ ಇರೋ ವಿದ್ಯಾರ್ಥಿಗಳಿಗೇ ಅಂತ ಸಪೋರ್ಟ್ ಪ್ರೋಗ್ರಾಂ ನಡೆಸ್ತಿದೆ, ಆಮೇಲೆ ಬೇರೆ ಕಡೆನೂ ಬಂದಿವೆ, ಆದ್ರೆ ಎಲ್ಲರಿಗೂ ಅಂಥ ಕಾಲೇಜ್ ಸಿಗಲ್ಲ, ಒಬ್ಬ ಲೈಬ್ರೇರಿಯನ್ ಒಪ್ಪಿದ್ರೂ ಶುರು ಮಾಡಬಹುದು.

ಕಂಪನಿಗಳ ಕಡೆ ನೋಡಿದ್ರೆ, ಡೆನ್ಮಾರ್ಕಿನ ಥೋರ್ಕಿಲ್ ಸೊನ್ನೆ ತಮ್ಮ ಮಗನಿಗೆ ಆಟಿಸಂ ಇದೆ ಅಂತ ಗೊತ್ತಾದ್ಮೇಲೆ 2004ರಲ್ಲಿ ಸ್ಪೆಷಲಿಸ್ಟರ್ನೆ ಅನ್ನೋ ಸಂಸ್ಥೆ ಶುರು ಮಾಡಿದ್ರು, ಅಲ್ಲಿ ಮಾತಿನ ಇಂಟರ್ವ್ಯೂ ಬದಲು ಲೆಗೋ ರೋಬೋಟ್ ಕಟ್ಟೋಕೆ ಕೊಟ್ಟು ಹೇಗೆ ಕೆಲಸ ಮಾಡ್ತಾರೆ ಅಂತ ನೋಡ್ತಿದ್ರು. 2013ರಲ್ಲಿ ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ, 2015ರಲ್ಲಿ ಮೈಕ್ರೋಸಾಫ್ಟ್ ಇದೇ ದಾರಿಲಿ ನೇಮಕಾತಿ ಕಾರ್ಯಕ್ರಮ ತಂದವು. ಒಳ್ಳೇದೇ. ಆದ್ರೆ ಇದರಿಂದ ಆಟಿಸಂ ಇದ್ರೆ ಸಾಫ್ಟ್‌ವೇರ್ ಟೆಸ್ಟಿಂಗ್ ಅನ್ನೋ ಸಮೀಕರಣ ಗಟ್ಟಿಯಾಗಿ ಕೂತುಬಿಟ್ಟಿದೆ, ಅದು ನನಗೆ ಕಿರಿಕಿರಿ. ಇತಿಹಾಸ ಓದಿದ ಹುಡುಗಿ, ಗಿಡಗಳ ಹುಚ್ಚಿರೋ ಹುಡುಗ, ಲೆಕ್ಕ ಅಂದ್ರೆ ಆಗದವರು ಎಲ್ಲಿಗೆ ಹೋಗಬೇಕು? ಸ್ವತಃ ಆಟಿಸಂ ಇರೋ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಪ್ರಾಣಿವಿಜ್ಞಾನದ ಪ್ರೊಫೆಸರ್ ಆಗಿ ದನಗಳ ನಿರ್ವಹಣೆಯ ವ್ಯವಸ್ಥೆಗಳನ್ನ ವಿನ್ಯಾಸ ಮಾಡಿದವರು, ಯಾವ ಕೋಡೂ ಬರೆದು ಹೆಸರು ಮಾಡಿದ್ದಲ್ಲ.

ಆಟಿಸಂ ಇದೆ ಅಂತ ಕೆಲಸದ ಕಡೆ ಹೇಳಬೇಕಾ ಬೇಡ್ವಾ, ಇದು ಎಲ್ಲರೂ ಕೇಳೋ ಪ್ರಶ್ನೆ. ಹೇಳಿದ್ರೆ ಕಾನೂನಿನ ರಕ್ಷಣೆ ಕೇಳಬಹುದು, ಹೇಳಿದ ತಕ್ಷಣ ಎದುರಿನವರ ನೋಟ ಬದಲಾಗಲೂಬಹುದು, ಎರಡೂ ನಿಜ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಸಮಂಜಸವಾದ ಅನುಕೂಲ ಮಾಡಿಕೊಡದೇ ಇರೋದನ್ನೂ ತಾರತಮ್ಯ ಅಂತಲೇ ಪರಿಗಣಿಸುತ್ತೆ. ಭಾರತದ 2016ರ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, 1995ರ ಹಳೇ ಕಾಯ್ದೆಲಿ ಇರಲಿಲ್ಲ. ಬ್ರಿಟನ್ನಲ್ಲಿ 2010ರ ಸಮಾನತಾ ಕಾಯ್ದೆ ಇದೆ. ಕಾಗದದ ಮೇಲೆ ಇರೋದನ್ನ ಕೇಳಿ ಪಡೆಯೋಕೆ ಪದಗಳು ಬೇಕಲ್ಲ, ಅದನ್ನ ಕಾಲೇಜಲ್ಲೇ ಬರೆಸಿ ಇಟ್ಕೊಳ್ಳಿ. ಆಟಿಸಂ ಅನ್ನೋ ಹೆಸರು, ವೈದ್ಯಕೀಯ ಇತಿಹಾಸ ಎಲ್ಲ ಒಪ್ಪಿಸಬೇಕಾಗಿಲ್ಲ, ಬೇಕಾಗಿರೋದು ಏನು, ಅದರಿಂದ ಕೆಲಸಕ್ಕೆ ಏನು ಲಾಭ, ಅಷ್ಟು ಸಾಕು. 'ಸರ್, ಬಾಯಲ್ಲಿ ಹೇಳಿದ ಸೂಚನೆ ನನಗೆ ಅರ್ಧ ತಪ್ಪಿಹೋಗುತ್ತೆ, ಒಂದು ಸಾಲು ಮೆಸೇಜ್ ಹಾಕಿದ್ರೆ ಮೊದಲನೇ ಸಲಕ್ಕೇ ಸರಿಯಾಗಿ ಮಾಡಿ ಕೊಡ್ತೀನಿ. ಗೋಡೆ ಪಕ್ಕದ ಸೀಟ್ ಸಿಕ್ಕಿದ್ರೆ ಗಮನ ಕೂರುತ್ತೆ.' ಇಷ್ಟೇ ಮೇಲ್. ಇದಕ್ಕೆ ಕಂಪನಿಗೆ ಏನು ಖರ್ಚು? ಅಮೆರಿಕದ ಜಾಬ್ ಅಕಾಮಡೇಷನ್ ನೆಟ್‌ವರ್ಕ್ ಅನ್ನೋ ಸಲಹಾ ಸೇವೆ ವರ್ಷಾನುವರ್ಷ ಉದ್ಯೋಗದಾತರನ್ನ ಕೇಳ್ತಾ ಬಂದಿದೆ, ಅಂಗವಿಕಲ ಉದ್ಯೋಗಿಗಳಿಗೆ ಮಾಡಿಕೊಟ್ಟ ಅನುಕೂಲಗಳಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಒಂದು ಪೈಸೆ ಖರ್ಚಾಗಿಲ್ಲ ಅಂತ ಉತ್ತರ ಬರುತ್ತೆ.

ಕೆಲಸ ಸಿಕ್ಕ ದಿನ ಎಲ್ಲರೂ ಸಪೋರ್ಟ್ ನಿಲ್ಲಿಸಿಬಿಡ್ತಾರೆ, ಕಾಲೇಜ್ ಫೈಲ್ ಮುಚ್ಚುತ್ತೆ, ಮನೆಯವರು ನಿಟ್ಟುಸಿರು ಬಿಡ್ತಾರೆ, ನಿಜವಾದ ಕಷ್ಟ ಶುರುವಾಗೋದೇ ಆಗ. ಹೊಸ ಜಾಗದಲ್ಲಿ ಎಲ್ಲರ ತರ ಕಾಣೋಕೆ ದಿನವಿಡೀ ನಟನೆ ಮಾಡಿ, ಕೈ ಆಡಿಸೋದು ತಡೆದು, ನಗು ಅಂಟಿಸಿಕೊಂಡು ಸಂಜೆ ಹೊತ್ತಿಗೆ ಕುಸಿಯೋದಕ್ಕೆ ಮಾಸ್ಕಿಂಗ್ ಅಂತಾರೆ, ಹುಡುಗಿಯರಲ್ಲಿ ಇದು ಎಷ್ಟು ಚೆನ್ನಾಗಿ ನಡೆಯುತ್ತೆ ಅಂದ್ರೆ ಎಷ್ಟೋ ಜನರಿಗೆ ಆಟಿಸಂ ಅಂತ ಗೊತ್ತಾಗೋದೇ ಕಾಲೇಜಿಗೆ ಬಂದ ಮೇಲೆ, ಇಲ್ಲಾ ಕೆಲಸದಲ್ಲಿ ಕುಸಿದ ಮೇಲೆ. ಹಾಗಾಗಿ ಮೊದಲ ಮೂರು ತಿಂಗಳಿಗೆ ಜಾಬ್ ಕೋಚ್ ಅಂತ ಒಬ್ಬರು ಬೇಕು, ಕಾಲೇಜಿನವರೇ ಆಗಿರಲಿ, ಸಂಸ್ಥೆಯವರೇ ಆಗಿರಲಿ. ಕೋಚ್ ಕೆಲಸ ಮಾಡಿಕೊಡೋದಲ್ಲ, ಬರೆಯದೇ ಇರೋ ನಿಯಮಗಳನ್ನ ಬಾಯಿಬಿಟ್ಟು ಹೇಳೋದು, ಆಮೇಲೆ ನಿಧಾನಕ್ಕೆ ಹಿಂದೆ ಸರಿಯೋದು.

ಮ್ಯಾನೇಜರ್‌ಗೆ ಹೇಳಬೇಕಾಗಿದ್ದು ಅದಕ್ಕಿಂತ ಚಿಕ್ಕದು. ಪ್ರೊಬೇಷನ್ ಮುಗಿಯೋವರೆಗೂ ಸುಮ್ನಿದ್ದು ಕೊನೇ ದಿನ 'ನೀವು ಟೀಮ್ ಜೊತೆ ಬೆರೀತಿಲ್ಲ' ಅಂತ ಹೇಳಬೇಡಿ. ವಾರಕ್ಕೊಂದ್ಸಲ ಹದಿನೈದು ನಿಮಿಷ ಕೂತು, ಈ ವಾರ ಇದು ಸರಿ ಇತ್ತು, ಇದು ಸರಿ ಇರಲಿಲ್ಲ, ಮುಂದಿನ ವಾರ ಇದನ್ನ ಹೀಗೆ ಮಾಡಿ ಅಂತ ನೇರವಾಗಿ ಹೇಳಿ, ಸುತ್ತಿ ಬಳಸಿ ಬೇಡ, ಬೇಜಾರಾಗುತ್ತೇನೋ ಅಂತ ಮುಚ್ಚಿಡೋದೂ ಬೇಡ. ಬೆರೀತಿಲ್ಲ ಅನ್ನೋದರ ಅರ್ಥ ಊಟಕ್ಕೆ ಜೊತೆಗೆ ಬರ್ತಿಲ್ಲ ಅಂತಾನಾ, ಇಲ್ಲಾ ಕೆಲಸ ಎಲ್ಲಿವರೆಗೆ ಬಂತು ಅಂತ ಅಪ್‌ಡೇಟ್ ಕೊಡ್ತಿಲ್ಲ ಅಂತಾನಾ, ಅದನ್ನೂ ಬಿಡಿಸಿ ಹೇಳಿ. ಎರಡನೇದಾಗಿದ್ರೆ ದಿನಾ ಸಂಜೆ ಐದಕ್ಕೆ ಮೂರು ಸಾಲು ಮೆಸೇಜ್ ಹಾಕು ಅಂತ ಒಂದು ರಿಮೈಂಡರ್ ಸೆಟ್ ಮಾಡಿಕೊಟ್ರೆ ಸರಿಹೋಗುತ್ತೆ, ಮೊದಲನೇದಾಗಿದ್ರೆ ಊಟ ಅವರವರ ಇಷ್ಟ, ಅದಕ್ಕೆ ಮಾರ್ಕ್ಸ್ ಹಾಕೋ ಅಗತ್ಯ ಇಲ್ಲ.